ಮರುಪ್ರಯೋಗಗೊಂಡ ಹಾಸ್ಯ ನಾಟಕದ ಹಾಡುಗಳನ್ನು ನಟರ ಕಂಠದಲ್ಲೇ ಧ್ವನಿಮುದ್ರಿಸುವ ಬಗೆ

ದಾವಣಗೆರೆ ಕಂಪನಿ ನಾಟಕದ ಊರು. ಚಿಂದೋಡಿ ಲೀಲಾ ಅವರ ಕುಟುಂಬದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಿಂದ 1997ರಿಂದ ಶಿವಸಂಚಾರದ ನಾಟಕ ತಂಡ ನಾಡು ಸುತ್ತುತ್ತಿದೆ. ಇಂಥ ಸೀಮೆಯಲ್ಲಿ ಹವ್ಯಾಸಿ ತಂಡವೊಂದು ಹಳೆಯ ಹಾಸ್ಯ ನಾಟಕವನ್ನು ತಿಂಗಳುಗಟ್ಟಲೆ ತಾಲೀಮು ಮಾಡಿ ರಂಗಕ್ಕೆ ತರುತ್ತದೆ, ನಾಲ್ಕಾರು ಪ್ರಯೋಗಗಳಾಗುತ್ತವೆ, ಹಾಸ್ಯಗಾರನ ಹಾಡಿಗೆ ವನ್ಸ್‌ಮೋರ್ ಬೀಳುತ್ತದೆ, ಆಮೇಲೆ ಆ ಮಟ್ಟುಗಳೆಲ್ಲ ಹಾರ್ಮೋನಿಯಂ ಮಾಸ್ತರರ ನೆನಪಿನೊಳಕ್ಕೇ ಹಿಂದಿರುಗುತ್ತವೆ. ಅವುಗಳನ್ನು ಪಾತ್ರ ಮಾಡಿದ ನಟರಿಂದಲೇ ಹಾಡಿಸಿ ಉಳಿಸಿಕೊಳ್ಳಬಯಸುವ ತಂಡಗಳಿಗಾಗಿ ಈ ಬರಹ.

ಮೊದಲು ನಾವೇ ಮಾಡಿದ ತಪ್ಪನ್ನು ಹೇಳುತ್ತೇನೆ. ಒಂದು ಸ್ಟುಡಿಯೊದಲ್ಲಿ ನಮ್ಮ ನಟರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು, ಕಿವಿಗೆ ಹೆಡ್‌ಫೋನ್ ಹಾಕಿಸಿ, ತಾಳ ತಪ್ಪದಿರಲೆಂದು ಅದರಲ್ಲಿ ಕೇಳಿಸುವ ಕ್ಲಿಕ್ ಸದ್ದಿಗೆ ಸರಿಯಾಗಿ ಹಾಡಿಸಿದರು. ಗಂಡ ಹೆಂಡಿರ ಜಗಳದ ಹಾಡು ಅದು. ಶ್ರುತಿ ತಪ್ಪಿರಲಿಲ್ಲ, ತಾಳ ತಪ್ಪಿರಲಿಲ್ಲ, ಆದರೆ ಎರಡು ಧ್ವನಿಗಳನ್ನು ಕೂಡಿಸಿ ಕೇಳಿದಾಗ ಯಾರಿಗೂ ನಗು ಬರಲಿಲ್ಲ. ರಂಗದ ಮೇಲೆ ಹೆಂಡತಿಯ ಪಾತ್ರಧಾರಿ ಗಂಡನ ಸಾಲು ಮುಗಿಯುವುದಕ್ಕೆ ಅರ್ಧ ಮಾತ್ರೆ ಮೊದಲೇ ನುಗ್ಗುತ್ತಿದ್ದರು, ಆತ ಬಾಯಿ ತೆರೆದುಕೊಂಡೇ ನಿಂತು "ಹ್ಞಾಂ?" ಎನ್ನುತ್ತಿದ್ದ. ಸಭಿಕರು ನಗುತ್ತಿದ್ದದ್ದು ಆ ಅರ್ಧ ಮಾತ್ರೆಗೆ. ಬೇರೆ ಬೇರೆ ನಿಂತು ಹಾಡಿದವರಿಗೆ ಅದು ಸಿಕ್ಕುವುದೇ ಇಲ್ಲ. ಆದ್ದರಿಂದ ಹಾಸ್ಯದ ಯುಗಳಗೀತೆಗಳನ್ನು, ಎಷ್ಟೇ ತೊಂದರೆಯಾದರೂ, ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಹಾರ್ಮೋನಿಯಂ ಮತ್ತು ತಬಲದೊಂದಿಗೆ ಒಂದೇ ಕೋಣೆಯಲ್ಲಿ ಮುದ್ರಿಸಿಕೊಳ್ಳಬೇಕು. ಕ್ಲಿಕ್ ಬೇಡ, ತಬಲದವರ ಕಣ್ಣು ನಟರ ಮೇಲಿದ್ದರೆ ಸಾಕು.

ದಿನವನ್ನು ಕೊನೆಯ ಪ್ರಯೋಗದ ಬೆನ್ನಿಗೇ ಗೊತ್ತುಮಾಡಿಕೊಳ್ಳಿ. ಪ್ರಯೋಗದ ಮರುದಿನ ಗಂಟಲು ಒಡೆದಿರುತ್ತದೆ, ತಿಂಗಳು ಕಳೆದರೆ ಪಾತ್ರ ಮೈಯಿಂದ ಇಳಿದಿರುತ್ತದೆ. ಎರಡು ಮೂರು ದಿನ ವಿಶ್ರಾಂತಿ ಕೊಟ್ಟು, ವಾರದೊಳಗೆ ಮುಗಿಸುವುದು ಒಳ್ಳೆಯದು. ದಾವಣಗೆರೆಯಲ್ಲಾದರೆ ದುಗ್ಗಮ್ಮನ ಜಾತ್ರೆಯ ದಿನಗಳನ್ನು ಬಿಟ್ಟುಬಿಡಿ, ಊರೆಲ್ಲ ಮೈಕು ಕಟ್ಟಿರುತ್ತದೆ. ಚಿತ್ರದುರ್ಗದಲ್ಲಾದರೆ ಆಷಾಢದ ಗಾಳಿ ಕಿಟಕಿಯ ಸಂದಿನಲ್ಲಿ ಸಿಳ್ಳೆ ಹಾಕುತ್ತದೆ.

ಎಲ್ಲ ಹಾಡುಗಳನ್ನೂ ಮುದ್ರಿಸಬೇಕೆಂಬ ಹಟ ಬೇಡ. ಹಿಂದೆ ರಂಗಗೀತೆಗಳು 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಲ್ಲಿ ಬರುತ್ತಿದ್ದಾಗ 10 ಇಂಚಿನ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು. ರಂಗದ ಮೇಲೆ ಹತ್ತು ನಿಮಿಷ ಬೆಳೆಯುತ್ತಿದ್ದ ಹಾಡನ್ನೂ ಅಷ್ಟಕ್ಕೇ ಕತ್ತರಿಸಬೇಕಾಗಿತ್ತು. ಈಗ ಆ ಕಟ್ಟು ಇಲ್ಲವಾದರೂ ಕೇಳುವವನ ಮುಂದೆ ವೇಷವೂ ಇಲ್ಲ, ಪರದೆಯೂ ಇಲ್ಲ ಎಂಬುದನ್ನು ನೆನಪಿಡಬೇಕು. ಹಾಡಿಗೆ ಮುಂಚಿನ ಎರಡು ಮೂರು ಮಾತುಗಳನ್ನು ಸೇರಿಸಿಕೊಂಡರೆ ಯಾರು ಯಾರಿಗೆ ಏಕೆ ಹಾಡುತ್ತಿದ್ದಾರೆಂದು ತಿಳಿಯುತ್ತದೆ. ಗುಬ್ಬಿ ವೀರಣ್ಣನವರು ಹೆಸರಾದ 'ಸದಾರಮೆ'ಯ ಕಳ್ಳನಂಥ ಪಾತ್ರಕ್ಕೆ ಇದು ಇನ್ನೂ ಅಗತ್ಯ, ಏಕೆಂದರೆ ಅಂಥ ಪಾತ್ರದಲ್ಲಿ ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಹತ್ತಿತು ಎಂಬುದೇ ತಿಳಿಯಬಾರದು. ಕೇವಲ ಮುಖಭಾವದಿಂದ ನಗಿಸುವ ಚರಣಗಳನ್ನು ಮಾತ್ರ ನಿರ್ದಾಕ್ಷಿಣ್ಯವಾಗಿ ಬಿಡಿ.

ಇನ್ನು ಶ್ರುತಿ. ಹಳೆಯ ಹಾರ್ಮೋನಿಯಂಗಳ ರೀಡು ಈಗಿನ ಕೀಬೋರ್ಡುಗಳ ಶ್ರುತಿಗೆ ಕೂಡುವುದೇ ಅಪರೂಪ. ಹಾರ್ಮೋನಿಯಂ ಶ್ರುತಿಗೇ ತಬಲವನ್ನೂ ತಂಬೂರಿ ಆ್ಯಪನ್ನೂ ಹೊಂದಿಸಬೇಕೇ ಹೊರತು ಹಾರ್ಮೋನಿಯಂ ಬದಲಿಸಬಾರದು. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೆ ಮುಟ್ಟಲೆಂದು ಹಾಡುಗಳನ್ನು ಏರುಶ್ರುತಿಯಲ್ಲಿ ಹಾಡುತ್ತಿದ್ದರು. ನಿಮ್ಮ ನಟರಿಗೆ ಅದು ಹೆಚ್ಚೆನಿಸಿದರೆ ಒಂದು ಮನೆ, ಅಂದರೆ ಹಾರ್ಮೋನಿಯಂನ ಒಂದು ಕೀಲಿಯಷ್ಟು, ಇಳಿಸಬಹುದು. ಎರಡು ಮನೆ ಇಳಿಸಿದರೆ ಹಾಸ್ಯಗಾರನ ಕಂಠದಲ್ಲಿದ್ದ ಆ ಎಳೆತ ಸತ್ತೇಹೋಗುತ್ತದೆ ಎಂಬುದು ನನ್ನ ಅನುಭವ. ಕಾಲು ಹಾರ್ಮೋನಿಯಂ ಆದರೆ ಹಿಂದಿನ ದಿನವೇ ಪೆಡಲಿನ ತಿರುಗಣೆಗಳಿಗೆ ಎಣ್ಣೆ ಬಿಟ್ಟು, ಪೆಡಲು ತಗಲುವ ಕಡೆ ಮಡಿಸಿದ ಬಟ್ಟೆ ಇಡಿ. ಮಾಸ್ತರರು ಚಪ್ಪಲಿ ಬಿಟ್ಟು ತುಳಿಯಲಿ. ಆ ಕಿರ್ರೆನ್ನುವ ಸದ್ದನ್ನು ಆಮೇಲೆ ತೆಗೆಯಲು ಹೋದರೆ ಹಾಡೇ ಕೆಡುತ್ತದೆ.

ಕೋಣೆಗೆ ದುಬಾರಿ ಫೋಮು ಬೇಕಿಲ್ಲ. ಚಳ್ಳಕೆರೆಯ ಕುರಿ ಉಣ್ಣೆಯ ಕಂಬಳಿಗಳು ಸಿಗುವ ಸೀಮೆಯಲ್ಲಿದ್ದೇವೆ. ಎಂಟು ಹತ್ತು ಕಂಬಳಿಗಳನ್ನು ಗೋಡೆಗೆ ಅಂಟಿಸದೆ, ನಾಲ್ಕು ಬೆರಳು ದೂರದಲ್ಲಿ ಹಗ್ಗಕ್ಕೆ ಇಳಿಬಿಟ್ಟು, ನೆಲಕ್ಕೆ ಜಮಖಾನ ಹಾಸಿದರೆ ಮಾತಿನ ಮಾರ್ದನಿ ಸಾಕಷ್ಟು ತಗ್ಗುತ್ತದೆ. ರೈಲಿನ ಕೂಗು, ಹೆದ್ದಾರಿಯ ಲಾರಿಗಳ ಗುಡುಗು ಕಂಬಳಿಗೆ ನಿಲ್ಲುವಂಥದಲ್ಲ. ಅದಕ್ಕೆ ಊರಿನ ಒಳಗೇರಿಯ ಮನೆಯನ್ನೇ ಹುಡುಕಬೇಕು. ಫ್ಯಾನು, ಫ್ರಿಜ್ಜು, ಯುಪಿಎಸ್ ಆರಿಸಿ, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿ. ಕೈಬಳೆ, ಗೆಜ್ಜೆ, ಜೇಬಿನ ಕೀಲಿಗೊಂಚಲು ಹೊರಗಿರಲಿ. ಆದರೆ ಗೌಡನ ಪಾತ್ರಧಾರಿಗೆ ಕೋಲು ಬೇಕೆಂದರೆ ಕೊಡಿ, ಕೈ ಖಾಲಿಯಾದರೆ ಅವನ ಧ್ವನಿಯೂ ಖಾಲಿಯಾಗುತ್ತದೆ.

ಒಬ್ಬೊಬ್ಬ ನಟನ ಮುಂದೆ ತನ್ನ ಮುಂದಿನ ಧ್ವನಿಯನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕೊಂದನ್ನು ಒಂದೂವರೆ ಗೇಣು ದೂರದಲ್ಲಿ, ಬಾಯಿಗೆ ಸ್ವಲ್ಪ ಓರೆಯಾಗಿ ಇಡಿ. ಎರಡು ಮೈಕುಗಳ ನಡುವಿನ ಅಂತರ, ಮೈಕಿಗೂ ಬಾಯಿಗೂ ಇರುವ ಅಂತರದ ಮೂರು ಪಟ್ಟಾದರೂ ಇದ್ದರೆ ಒಬ್ಬರ ಧ್ವನಿ ಇನ್ನೊಬ್ಬರ ಮೈಕಿಗೆ ಸೇರಿ ಕಲಸುವುದು ಕಡಿಮೆ. 48 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ ಮುದ್ರಿಸಿ, ಏರುಧ್ವನಿ ಮುದ್ರಣದ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಇಟ್ಟುಕೊಳ್ಳಿ. ಹಾಸ್ಯಗಾರ ಯಾವಾಗ ಕೂಗುತ್ತಾನೆಂದು ಅವನಿಗೇ ಗೊತ್ತಿರುವುದಿಲ್ಲ. ಪ್ರತಿ ಹಾಡಿನ ನಂತರ ಎಲ್ಲರೂ ಸುಮ್ಮನಿದ್ದು ಅರ್ಧ ನಿಮಿಷದ ಖಾಲಿ ಕೋಣೆಯ ಸದ್ದನ್ನೂ ಹಿಡಿದಿಡಿ, ಜೋಡಿಸುವಾಗ ತೇಪೆಗೆ ಬೇಕಾಗುತ್ತದೆ.

ನಗುವಿನ ವಿಷಯದಲ್ಲಿ ತಂಡಗಳು ತುಂಬ ಎಡವುತ್ತವೆ. ಸಂಗ್ರಹದಿಂದ ತಂದ ಕೃತಕ ನಗುವನ್ನು ಸೇರಿಸಲೇಬೇಡಿ. ಹಾಗೆಂದು ಬರಿಗೋಡೆಯ ಮುಂದೆ ಹಾಸ್ಯಗಾರನನ್ನು ನಿಲ್ಲಿಸುವುದೂ ಕ್ರೂರವೇ. ನಾಟಕವನ್ನು ನೋಡದ ಐದಾರು ಜನರನ್ನು ಜಮಖಾನದ ಮೇಲೆ ಕೂರಿಸಿ, ಮೊದಲ ಸಲ ಮನಸಾರೆ ನಗಲು ಬಿಡಿ. ನಟನಿಗೆ ಎಲ್ಲಿ ತಡೆಯಬೇಕೆಂಬುದು ಅಲ್ಲೇ ಮರಳಿ ಸಿಗುತ್ತದೆ. ಎರಡನೆಯ ಸಲ ಅವರು ಬಾಯಿಗೆ ಕೈಯಿಟ್ಟುಕೊಳ್ಳಲಿ. ಉಳಿಸಿಕೊಳ್ಳಬೇಕಾದದ್ದು ಹೆಚ್ಚಾಗಿ ಈ ಎರಡನೆಯದೇ. ರಂಗದ ಮೇಲೆ ನಗುವಿಗಾಗಿ ಮೂರು ಸೆಕೆಂಡು ತಡೆದ ಜಾಗವನ್ನು ಒಂದಕ್ಕೆ ಇಳಿಸಿ. ಉಸಿರೆಳೆದುಕೊಳ್ಳುವ ಸದ್ದನ್ನು ಕತ್ತರಿಸಬೇಡಿ, ಶ್ರುತಿ ತಿದ್ದುವ ಸಾಫ್ಟ್‌ವೇರಿನ ತಂಟೆಗೂ ಹೋಗಬೇಡಿ.

ಹಕ್ಕಿನ ಕೆಲಸವನ್ನು ಧ್ವನಿಮುದ್ರಣಕ್ಕೆ ಮೊದಲೇ ಮುಗಿಸಿಕೊಳ್ಳಬೇಕು. ನಮ್ಮ ಕಾನೂನಿನಂತೆ ನಾಟಕಕಾರರು ತೀರಿಕೊಂಡ ವರ್ಷದ ನಂತರ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆ, ಆದ್ದರಿಂದ ವಾರಸುದಾರರಿಂದ ಲಿಖಿತ ಒಪ್ಪಿಗೆ ಬೇಕು. ಹಾಡಿನ ಮಟ್ಟು ಸಿನಿಮಾದಿಂದ ಬಂದದ್ದಾದರೆ ಸಾಹಿತ್ಯ ಹೊಸದಾದರೂ ಸಂಗೀತದ ಹಕ್ಕು ಬೇರೆಯವರದು. ಹಾಡಿದ ನಟರಿಗೂ 50 ವರ್ಷಗಳ ಪ್ರದರ್ಶಕರ ಹಕ್ಕಿದೆ. ಬಂದ ಹಣದಲ್ಲಿ ಯಾರಿಗೆಷ್ಟು ಎಂಬುದನ್ನು, ಹಾರ್ಮೋನಿಯಂ ಮತ್ತು ತಬಲದವರನ್ನು ಮರೆಯದೆ, ಕಾಗದದ ಮೇಲೆ ಬರೆದು ಸಹಿ ಮಾಡಿಸಿ.

ಕೊನೆಗೆ, ತಿದ್ದದ ಮೂಲ ಕಡತಗಳನ್ನು ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಎರಡು ಬೇರೆ ಮನೆಗಳಲ್ಲಿ ಇಡಿ. ಜೊತೆಗೊಂದು ನೋಟ್‌ಬುಕ್ಕಿನಲ್ಲಿ ಪ್ರತಿ ಹಾಡಿನ ಸಾಹಿತ್ಯ, ಮಟ್ಟಿನ ಮೂಲ, ತಾಳ, ಶ್ರುತಿ ಹಾರ್ಮೋನಿಯಂನ ಎಷ್ಟನೆಯ ಕರಿ ಅಥವಾ ಬಿಳಿ ಮನೆ, ಯಾವ ಮಾತಿಗೆ ಹಾರ್ಮೋನಿಯಂ ಎತ್ತಿಕೊಳ್ಳಬೇಕು ಎಂಬುದನ್ನು ಮಾಸ್ತರರಿಂದಲೇ ಹೇಳಿಸಿ ಬರೆದುಕೊಳ್ಳಿ, ಅವರು ಆ ದಿನ ಕೋಣೆಯಲ್ಲಿರುವಾಗಲೇ.