ಅಮೆರಿಕದಲ್ಲಿ ಬ್ರೆಸ್ಟ್ ಇಂಪ್ಲಾಂಟ್ ಸೈಜ್ ಆರಿಸೋದು ಹೇಗೆ: ಇನ್ಶೂರೆನ್ಸ್, ಸಿಸಿ ಲೆಕ್ಕ, ಸರ್ಜನ್ ಹತ್ರ ಕೇಳ್ಬೇಕಾದ್ದು

ಇಲ್ಲಿ ಬ್ರೆಸ್ಟ್ ಕ್ಯಾನ್ಸರ್ ಅಂತ ಗೊತ್ತಾಗಿ ಮಾಸ್ಟೆಕ್ಟಮಿ, ಅಂದ್ರೆ ಸ್ತನ ತೆಗೆಯೋ ಆಪರೇಷನ್, ಮಾಡ್ಬೇಕು ಅಂತಾದ್ರೆ ಕ್ಯಾನ್ಸರ್ ಸರ್ಜನ್ ಜೊತೆಗೆ ಪ್ಲಾಸ್ಟಿಕ್ ಸರ್ಜನ್ ಅಪಾಯಿಂಟ್‌ಮೆಂಟೂ ಸಾಮಾನ್ಯವಾಗಿ ಕೊಡ್ತಾರೆ, ಅಲ್ಲಿ ಹೋಗಿ ಕೂತ್ರೆ ಕೇಳೋ ಮೊದಲ್ನೇ ಪ್ರಶ್ನೆಗಳಲ್ಲಿ ಒಂದು, ನಿಮ್ಗೆ ಯಾವ ಸೈಜ್ ಇಂಪ್ಲಾಂಟ್ (ತೆಗೆದ ಸ್ತನದ ಜಾಗದಲ್ಲಿ ಒಳಗೆ ಇಡೋ ಸಿಲಿಕೋನ್ ಅಥವಾ ಉಪ್ಪುನೀರಿನ ಚೀಲ) ಬೇಕು? ಡಾಕ್ಟ್ರು ಹೇಳಿದ್ಮೇಲೆ ಮುಗೀತು ಅಂತ ಬೆಳೆದು ಬಂದಿರೋ ನಮಗೆ ಬಾಯೇ ಬರಲ್ಲ. ಪಕ್ಕದಲ್ಲಿ ಗಂಡ ಕೂತಿದ್ರಂತೂ ನಾಚ್ಕೆ ಬೇರೆ, "ನೀವೇ ನೋಡಿ ಮಾಡಿ ಡಾಕ್ಟ್ರೆ" ಅಂದು ಎದ್ದು ಬಂದವರನ್ನ ನಾನೇ ನೋಡಿದೀನಿ. ಇಲ್ಲಿನ ಸಿಸ್ಟಮ್‌ನಲ್ಲಿ ನೀವು ಸುಮ್ನಿದ್ರೆ ಸೈಜ್ ಸರ್ಜನ್ನೇ ನಿರ್ಧಾರ ಮಾಡ್ಬಿಡ್ಬೋದು, ಅದಕ್ಕೆ ಹೋಗೋ ಮುಂಚೆ ಸ್ವಲ್ಪ ತಿಳ್ಕೊಂಡು ಹೋಗಿ.

ದುಡ್ಡಿನ ಮಾತು ಮೊದ್ಲು ಮುಗಿಸ್ಬಿಡೋಣ, ಯಾಕಂದ್ರೆ ಸೈಜ್ ಆರಿಸೋದಕ್ಕೂ ಇದಕ್ಕೂ ಸಂಬಂಧ ಇದೆ. 1998ರಲ್ಲಿ ಇಲ್ಲಿ ವಿಮೆನ್ಸ್ ಹೆಲ್ತ್ ಅಂಡ್ ಕ್ಯಾನ್ಸರ್ ರೈಟ್ಸ್ ಆಕ್ಟ್ ಅಂತ ಫೆಡರಲ್ ಕಾನೂನು ಬಂತು. ನಿಮ್ಮ ಪ್ಲಾನ್ ಮಾಸ್ಟೆಕ್ಟಮಿಗೆ ದುಡ್ಡು ಕೊಡುತ್ತೆ ಅಂದ್ರೆ ರೀಕನ್‌ಸ್ಟ್ರಕ್ಷನ್‌ನ, ಅಂದ್ರೆ ಸ್ತನವನ್ನ ಮತ್ತೆ ರೂಪಿಸೋದರ, ಎಲ್ಲಾ ಹಂತಕ್ಕೂ ಕೊಡ್ಬೇಕು, ಹೊರಗಡೆ ಬ್ರಾ ಒಳಗೆ ಇಟ್ಕೊಳೋ ಪ್ರಾಸ್ಥೆಸಿಸ್‌ಗೂ ಕೊಡ್ಬೇಕು, ಕೈ ಊದ್ಕೊಳೋ ಲಿಂಫಿಡೀಮಾ ಥರದ ತೊಂದ್ರೆಗಳ ಚಿಕಿತ್ಸೆಗೂ ಕೊಡ್ಬೇಕು. ಇದೆಲ್ಲಕ್ಕಿಂತ ಮುಖ್ಯ, ಏನೂ ಆಗದೇ ಇರೋ ಇನ್ನೊಂದು ಸ್ತನವನ್ನ ಸರಿಸಮ ಮಾಡೋ ಆಪರೇಷನ್‌ಗೂ ಕೊಡ್ಬೇಕು. ಇದು ಗೊತ್ತಿಲ್ದೆ ಎಷ್ಟೋ ಜನ ಒಂದು ಕಡೆ ಮಾತ್ರ ತೆಗೆದಿದ್ದಾರೆ ಅಂತ ಇರೋ ಕಡೆಗೆ ಮ್ಯಾಚ್ ಆಗೋ ಹಾಗೆ ದೊಡ್ಡ ಇಂಪ್ಲಾಂಟ್ ಒಪ್ಕೊಂಡ್ಬಿಡ್ತಾರೆ. ಆದ್ರೆ ಇರೋದನ್ನ ಸ್ವಲ್ಪ ಚಿಕ್ಕದು ಮಾಡ್ಸಿ ಅಥವಾ ಮೇಲೆತ್ತಿಸಿ, ತೆಗೆದ ಕಡೆ ಚಿಕ್ಕ ಇಂಪ್ಲಾಂಟ್ ಹಾಕ್ಸೋ ದಾರಿನೂ ಇದೆ, ಅದೂ ಇದೇ ಕಾನೂನಿನ ಒಳಗೇ ಬರುತ್ತೆ. ಹೆಸ್ರಲ್ಲಿ ಕ್ಯಾನ್ಸರ್ ಅಂತಿದ್ರೂ ಕ್ಯಾನ್ಸರ್ ಇದ್ದವರಿಗೆ ಮಾತ್ರ ಅಂತ ಕಾನೂನಲ್ಲಿಲ್ಲ, ಬಿಆರ್‌ಸಿಎ ಜೀನ್‌ನಲ್ಲಿ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸೋ ದೋಷ ಇದೆ ಅಂತ ಮುಂಚೆನೇ ತೆಗೆಸ್ಕೊಳೋರಿಗೂ ಪ್ಲಾನ್ ಆ ಮಾಸ್ಟೆಕ್ಟಮಿನ ಕವರ್ ಮಾಡಿದ್ರೆ ಇದು ಸಿಗುತ್ತೆ.

ಪುಕ್ಸಟ್ಟೆ ಅಂತ ಮಾತ್ರ ಅಂದ್ಕೋಬೇಡಿ. ಡಿಡಕ್ಟಿಬಲ್, ಕೋಇನ್ಶೂರೆನ್ಸ್, ಅಂದ್ರೆ ನಿಮ್ಮ ಪಾಲಿನ ದುಡ್ಡೆಲ್ಲ ಮಾಮೂಲಿ ಥರ ಕಟ್ಬೇಕು, ಪ್ರಯರ್ ಆಥರೈಸೇಷನ್, ಅಂದ್ರೆ ಇನ್ಶೂರೆನ್ಸ್ ಕಂಪ್ನಿಯ ಮುಂಗಡ ಒಪ್ಪಿಗೆ ಬೇಕಾಗ್ಬೋದು, ಅದು ಬರಹದಲ್ಲಿ ಕೈಗೆ ಬರೋ ತನಕ ಡೇಟ್ ಗಟ್ಟಿ ಅಂತ ನಂಬ್ಬೇಡಿ. ಎಚ್ ಒನ್ ಬಿ ವೀಸಾ ಮೇಲಿರೋರಿಗೆ ಕೆಲ್ಸ ಬದಲಾಗೋ ಭಯ ಇದ್ದೇ ಇರುತ್ತಲ್ಲ, ಮಾಸ್ಟೆಕ್ಟಮಿ ಹಳೇ ಕಂಪ್ನಿ ಇನ್ಶೂರೆನ್ಸಲ್ಲಿ ಆಗಿದ್ರೂ ಹೊಸ ಕಂಪ್ನಿ ಪ್ಲಾನ್ ಮಾಸ್ಟೆಕ್ಟಮಿ ಕವರ್ ಮಾಡೋದಾದ್ರೆ ಉಳಿದ ರೀಕನ್‌ಸ್ಟ್ರಕ್ಷನ್‌ನ ಅಲ್ಲಿ ಮುಂದುವರ್ಸ್ಬೋದು. ಕೆಲವು ಸರ್ಕಾರಿ ಪ್ಲಾನ್‌ಗಳು, ಚರ್ಚ್ ಪ್ಲಾನ್‌ಗಳು ಈ ಕಾನೂನಿನ ಹೊರಗಿರ್ಬೋದು, ಅಂಥ ಕಡೆ ಕೆಲ್ಸ ಇದ್ರೆ ಎಚ್‌ಆರ್‌ಗೆ ಒಂದು ಈಮೇಲ್ ಹಾಕಿ ಕೇಳಿ. ಅಮ್ಮನೋ ಅತ್ತೆಯೋ ವಿಸಿಟರ್ ಇನ್ಶೂರೆನ್ಸಲ್ಲಿ ಬಂದಿದ್ರೆ ಅದರ ಕಥೆನೇ ಬೇರೆ, ಮೊದ್ಲಿಂದ ಇದ್ದ ಕಾಯಿಲೆನ ಅವು ಸಾಮಾನ್ಯವಾಗಿ ಹೊರಗಿಡ್ತವೆ, ಆ ಆಸೆ ಇಟ್ಕೋಬೇಡಿ.

ಈಗ ಸೈಜ್. ಅಂಗಡಿಗೆ ಹೋಗಿ ಬ್ರಾ ತಗೊಳೋ ಅಭ್ಯಾಸದಿಂದ ನಾವು ಬಿ ಕಪ್, ಸಿ ಕಪ್ ಅಂತ ಹೇಳ್ತೀವಿ. ಸರ್ಜನ್‌ಗೆ ಅದ್ರಿಂದ ಅಂಥ ಉಪಯೋಗ ಇಲ್ಲ, ಯಾಕಂದ್ರೆ ಒಂದು ಬ್ರಾಂಡಿನ ಸಿ ಇನ್ನೊಂದರ ಡಿ ಆಗಿರುತ್ತೆ, ಬ್ಯಾಂಡ್ ಅಳತೆ ಬದಲಾದ್ರೆ ಅದೇ ಕಪ್ಪಿನ ಗಾತ್ರನೂ ಬದಲಾಗುತ್ತೆ. ಇಂಪ್ಲಾಂಟ್ ಬರೋದು ಸಿಸಿ ಲೆಕ್ಕದಲ್ಲಿ, ಅಂದ್ರೆ ಮಿಲಿಲೀಟರ್. ಸುಮಾರು 100ರಿಂದ 800 ಸಿಸಿವರೆಗೂ ಸಿಗುತ್ತೆ. ಆದ್ರೆ ಬರೀ ಸಿಸಿ ಕೇಳಿದ್ರೂ ಅರ್ಧ ವಿಷಯ ಅಷ್ಟೇ. ಒಂದೇ ಪಾವು ಅಕ್ಕಿನ ಪರಾತಕ್ಕೆ ಸುರಿದ್ರೆ ತಳ ಮುಚ್ಚುತ್ತೆ ಅಷ್ಟೇ, ಲೋಟಕ್ಕೆ ಹಾಕಿದ್ರೆ ತುಂಬಿ ನಿಲ್ಲುತ್ತೆ, ಹಾಗೆ 300 ಸಿಸಿ ಅಗಲ ಎದೆಯವಳಿಗೆ ಕಾಣ್ಸೋದೇ ಒಂಥರ, ಸಣ್ಣ ಮೈಕಟ್ಟಿನವಳಿಗೆ ಕಾಣ್ಸೋದೇ ಒಂಥರ.

ಅದಕ್ಕೆ ಅಳೆಯೋದು ಮೊದ್ಲು ಒಂದೊಂದು ಸ್ತನದ ಬುಡದ ಅಗಲ, ಬೇಸ್ ವಿಡ್ತ್ ಅಂತಾರೆ, ಸೆಂಟಿಮೀಟರ್‌ನಲ್ಲಿ. ಇಂಪ್ಲಾಂಟ್ ಅದಕ್ಕಿಂತ ಅಗಲ ಆದ್ರೆ ಕಂಕುಳ ಕಡೆ ತಳ್ಳುತ್ತೆ ಇಲ್ಲಾ ಮಧ್ಯದಲ್ಲಿ ಎರಡೂ ಒಂದಕ್ಕೊಂದು ಅಂಟ್ಕೊಂಡಂಗೆ ಕಾಣುತ್ತೆ. ಆಮೇಲೆ ಪ್ರೊಫೈಲ್, ಅಂದ್ರೆ ಎದೆಯಿಂದ ಮುಂದಕ್ಕೆ ಎಷ್ಟು ಚಾಚುತ್ತೆ ಅನ್ನೋದು. ಅದೇ ಸಿಸಿಗೆ ಮಾಡರೇಟ್ ಪ್ರೊಫೈಲ್ ಅಗಲ ಜಾಸ್ತಿ ಚಾಚು ಕಮ್ಮಿ, ಹೈ ಪ್ರೊಫೈಲ್ ಉಲ್ಟಾ. ಮೂರನೇದು ಮೇಲ್ಭಾಗದ ಚರ್ಮನ ಬೆರಳಲ್ಲಿ ಹಿಡಿದು ದಪ್ಪ ನೋಡೋದು, 2 ಸೆಂಟಿಮೀಟರ್‌ಗಿಂತ ಕಮ್ಮಿ ಇದ್ರೆ ಇಂಪ್ಲಾಂಟ್ ಅಂಚು ಹೊರಗೆ ಕಾಣಬಾರ್ದು ಅಂತ ಸಾಮಾನ್ಯವಾಗಿ ಮಾಂಸಖಂಡದ ಕೆಳಗೆ ಇಡ್ತಾರೆ. ಡಲ್ಲಾಸ್‌ನಲ್ಲಿದ್ದ ಪ್ಲಾಸ್ಟಿಕ್ ಸರ್ಜನ್ ಜಾನ್ ಟೆಬೆಟ್ಸ್ ಈ ಥರ ಟಿಶ್ಯೂ ಅಳತೆ ನೋಡಿ ಸೈಜ್ ನಿರ್ಧರಿಸೋ ಪದ್ಧತಿಗೆ ಹೆಸ್ರುವಾಸಿ, ಬೇಕಾದ ಸೈಜ್‌ಗೆ ಮೈಯನ್ನ ಎಳೆಯೋದಲ್ಲ, ಮೈ ಎಷ್ಟು ತಡ್ಕೊಳುತ್ತೋ ಅಷ್ಟು ಸೈಜ್ ಅನ್ನೋದು ಅದರ ಸಾರ. ನನ್ನ ಅಭಿಪ್ರಾಯ ಕೇಳಿದ್ರೆ, ಟೇಪ್ ಹಿಡಿದು ಅಳತೆನೇ ತಗೊಳ್ದೆ ಸೈಜ್ ಹೇಳೋ ಸರ್ಜನ್ ಹತ್ರ ಎರಡನೇ ಸಲ ಹೋಗೋ ಅಗತ್ಯ ಇಲ್ಲ.

ಇಲ್ಲೊಂದು ಗೊಂದಲ ಬಹಳ ಜನಕ್ಕೆ ಆಗುತ್ತೆ. ಫ್ರೆಂಡ್ ಯಾರೋ ಕಾಸ್ಮೆಟಿಕ್ ಆಗಿ 300 ಹಾಕ್ಸಿದ್ಲು ಚೆನ್ನಾಗಿದೆ, ನಂಗೂ 300 ಸಾಕು ಅಂತಾರೆ. ಅವಳಿಗೆ ಅದು ಅವಳದ್ದೇ ಸ್ತನದ ಜೊತೆ ಸೇರಿದ 300, ಮಾಸ್ಟೆಕ್ಟಮಿ ಆದವರಿಗೆ ಒಳಗಿನ ಟಿಶ್ಯೂ ಹೋಗಿರುತ್ತೆ, ಇಂಪ್ಲಾಂಟೇ ಹೆಚ್ಚುಕಮ್ಮಿ ಇಡೀ ಸ್ತನ. ಅದಕ್ಕೇ ಆಪರೇಷನ್ ಟೈಮಲ್ಲಿ ತೆಗೆದ ಟಿಶ್ಯೂನ ತೂಕ ಹಾಕಿ ಅದನ್ನೂ ಲೆಕ್ಕಕ್ಕೆ ತಗೋತಾರೆ. ಯೂಟ್ಯೂಬ್ ನೋಡಿ ಜಿಪ್‌ಲಾಕ್ ಕವರಲ್ಲಿ ಅಕ್ಕಿ ತುಂಬಿ ಬ್ರಾ ಒಳಗೆ ಇಟ್ಟು ನೋಡೋದೂ ಅಷ್ಟೇ, ಅಮೆರಿಕನ್ ಮೆಷರಿಂಗ್ ಕಪ್ ಒಂದಕ್ಕೆ ಸುಮಾರು 237 ಸಿಸಿ ಅಂತ ಹಿಡೀರಿ, ಕಾಸ್ಮೆಟಿಕ್ ಮಾಡಿಸ್ಕೊಳೋರಿಗೆ ಒಂದು ಅಂದಾಜು ಸಿಗುತ್ತೆ, ರೀಕನ್‌ಸ್ಟ್ರಕ್ಷನ್‌ಗೆ ಅದನ್ನ ನಂಬ್ಕೋಬೇಡಿ. ತೂಕದ ಲೆಕ್ಕ ಮಾತ್ರ ಎಲ್ಲರಿಗೂ ಒಂದೇ, ಸಿಲಿಕೋನ್ ಒಂದು ಸಿಸಿ ಹತ್ರ ಹತ್ರ ಒಂದು ಗ್ರಾಂ, ಎರಡೂ ಕಡೆ 500 ಅಂದ್ರೆ ಒಂದು ಕೇಜಿ ದಿನಾ ಎದೆ ಮೇಲೆ ಹೊತ್ಕೊಂಡು ಓಡಾಡ್ಬೇಕು.

ಸೈಜ್ ವಿಷಯದಲ್ಲಿ ನಿಜವಾಗ್ಲೂ ಸಹಾಯ ಮಾಡೋದು ಟಿಶ್ಯೂ ಎಕ್ಸ್‌ಪಾಂಡರ್ ದಾರಿ. ಮಾಸ್ಟೆಕ್ಟಮಿ ದಿನವೇ ಒಂದು ಖಾಲಿ ಅಥವಾ ಅರ್ಧ ತುಂಬಿದ ಬಲೂನ್ ಥರದ್ದು ಇಡ್ತಾರೆ, ಗಾಯ ಮಾಗಿದ್ಮೇಲೆ ಒಂದೆರಡು ವಾರಕ್ಕೊಂದು ಸಲ ಕ್ಲಿನಿಕ್‌ಗೆ ಹೋಗಿ ಸೂಜಿಲಿ ಸ್ವಲ್ಪ ಸ್ವಲ್ಪ ಸಲೈನ್ (ಉಪ್ಪುನೀರು) ತುಂಬಿಸ್ಕೊಳೋದು, ಕೆಲವು ತಿಂಗಳಾದ್ಮೇಲೆ ಅದನ್ನ ತೆಗೆದು ಇಂಪ್ಲಾಂಟ್ ಹಾಕೋದು. ಕಿರಿಕಿರಿ ಜಾಸ್ತಿ, ಗಟ್ಟಿಯಾಗಿರುತ್ತೆ, ಎರಡು ಆಪರೇಷನ್, ಆದ್ರೆ ಕನ್ನಡಿ ಮುಂದೆ ನಿಂತು ಇಷ್ಟು ಸಾಕು, ಇಲ್ಲಿಗೆ ನಿಲ್ಸಿ ಅಂತ ಹೇಳೋ ಅವಕಾಶ ಇರೋದು ಇಲ್ಲೇ. ನೇರವಾಗಿ ಒಂದೇ ಸಲಕ್ಕೆ ಇಂಪ್ಲಾಂಟ್ ಹಾಕೋದೂ ಇದೆ, ಆಗ ಮಾಸ್ಟೆಕ್ಟಮಿ ಆದ ಚರ್ಮ ತೆಳ್ಳಗಿರುತ್ತೆ, ರಕ್ತ ಓಡಾಟ ಕಮ್ಮಿ ಇರುತ್ತೆ, ದೊಡ್ಡದು ತುರುಕಿದ್ರೆ ಚರ್ಮ ಸಾಯೋ ಅಪಾಯ ಇದೆ, ಹಾಗಾಗಿ ಅಲ್ಲಿ ನಿಮ್ಮ ಇಷ್ಟಕ್ಕಿಂತ ಚರ್ಮದ ಮಾತು ನಡೆಯುತ್ತೆ. ರೇಡಿಯೇಷನ್ ಇದೆ ಅಂತಾದ್ರೆ ಇಂಪ್ಲಾಂಟ್ ಸುತ್ತ ಗಟ್ಟಿಯಾಗಿ ಬಿಗಿಯೋ ಸಾಧ್ಯತೆ ಏರುತ್ತೆ, ಆಗ ಹೊಟ್ಟೆಯ ಟಿಶ್ಯೂ ತಗೊಂಡು ಮಾಡೋ ಫ್ಲಾಪ್ ಬಗ್ಗೆ ಕೇಳಿ. ಏನೂ ಬೇಡ, ಚಪ್ಪಟೆಯಾಗಿ ನೀಟಾಗಿ ಹೊಲಿದ್ಬಿಡಿ ಅನ್ನೋದೂ ಒಂದು ಆಯ್ಕೆ, ಏಸ್ಥೆಟಿಕ್ ಫ್ಲಾಟ್ ಕ್ಲೋಷರ್ ಅಂತಾರೆ, ಅದನ್ನ ಕೇಳಿದ್ರೆ ಯಾರೂ ನಿಮ್ಮನ್ನ ವಿಚಿತ್ರವಾಗಿ ನೋಡಬಾರ್ದು, ನೋಡಿದ್ರೆ ಬೇರೆ ಸರ್ಜನ್ ಹುಡುಕಿ.

ಅಪಾಯಿಂಟ್‌ಮೆಂಟಲ್ಲಿ ಡಾಕ್ಟ್ರು ನಿಮ್ಗೆ ಒಂದು ಪೇಪರ್ ಕೊಡ್ಬೇಕು, ಇಂಪ್ಲಾಂಟ್ ಅಪಾಯಗಳನ್ನ ಓದಿ ಸೈನ್ ಮಾಡೋ ಪೇಷಂಟ್ ಡಿಸಿಷನ್ ಚೆಕ್‌ಲಿಸ್ಟ್. 2021ರ ಅಕ್ಟೋಬರ್‌ನಿಂದ ಔಷಧಿ, ವೈದ್ಯಕೀಯ ಸಾಧನಗಳನ್ನ ನಿಯಂತ್ರಿಸೋ ಇಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದನ್ನ ಕಡ್ಡಾಯ ಮಾಡಿದೆ, ಜೊತೆಗೆ ಇಂಪ್ಲಾಂಟ್ ಜೀವನಪೂರ್ತಿ ಬಾಳೋ ವಸ್ತು ಅಲ್ಲ, ಅಪರೂಪಕ್ಕೆ ಒಂದು ಥರದ ಲಿಂಫೋಮಾ ಅನ್ನೋ ಕ್ಯಾನ್ಸರ್ ಬರ್ಬೋದು ಅಂತ ಬಾಕ್ಸ್ ಹಾಕಿ ಎಚ್ಚರಿಕೆ ಬರೀಬೇಕು ಅಂತಲೂ ಹೇಳಿದೆ. ಆ ಲಿಂಫೋಮಾ ಹೆಚ್ಚಾಗಿ ಒರಟು ಮೇಲ್ಮೈ ಇರೋ ಇಂಪ್ಲಾಂಟ್‌ಗಳ ಜೊತೆ ಕಾಣಿಸ್ಕೊಂಡಿದ್ದು, 2019ರಲ್ಲಿ ಅಲರ್ಗಾನ್ ಕಂಪ್ನಿ ತನ್ನ ಬಯೋಸೆಲ್ ಇಂಪ್ಲಾಂಟ್‌ಗಳನ್ನ ವಾಪಸ್ ತಗೊಂಡಿದ್ದೂ ಇದೇ ಕಾರಣಕ್ಕೆ. ಚೆಕ್‌ಲಿಸ್ಟ್‌ನ ಅಲ್ಲೇ ಸೈನ್ ಮಾಡಿ ಕೊಡೋ ಅರ್ಜೆಂಟ್ ಏನಿಲ್ಲ, ಮನೆಗೆ ತಗೊಂಡೋಗಿ ಓದಿ. ಇಂಗ್ಲಿಷ್ ಮೆಡಿಕಲ್ ಮಾತು ತಲೆಗೆ ಹೋಗ್ಲಿಲ್ವಾ, ಫೆಡರಲ್ ದುಡ್ಡು ತಗೊಳೋ ಆಸ್ಪತ್ರೆಗಳು ಇಂಟರ್‌ಪ್ರಿಟರ್‌ನ ಪುಕ್ಸಟ್ಟೆ ಕೊಡ್ಬೇಕು, ಅಪಾಯಿಂಟ್‌ಮೆಂಟ್ ಬುಕ್ ಮಾಡೋವಾಗ್ಲೇ ಕನ್ನಡ ಅಂತ ಹೇಳಿ, ಫೋನಲ್ಲಾದ್ರೂ ಸಿಗ್ತಾರೆ. ಮಗನ ಕೈಲಿ ಅಮ್ಮನ ಎದೆ ವಿಷಯ ಟ್ರಾನ್ಸ್‌ಲೇಟ್ ಮಾಡ್ಸೋ ಹಿಂಸೆ ಇಬ್ಬರಿಗೂ ಬೇಡ.

ಕ್ಯಾನ್ಸರ್ ಇಲ್ದೆ ಬರೀ ಆಸೆಗೆ ಮಾಡಿಸ್ಕೊಳೋರಿಗೆ, ಅದರಲ್ಲಿ ತಪ್ಪೇನಿಲ್ಲ, ಇನ್ಶೂರೆನ್ಸ್ ಕೊಡಲ್ಲ, ಎಚ್‌ಎಸ್‌ಎ (ಚಿಕಿತ್ಸೆ ಖರ್ಚಿಗೆ ಟ್ಯಾಕ್ಸ್ ಇಲ್ದೆ ಕೂಡಿಡೋ ಖಾತೆ) ದುಡ್ಡನ್ನ ಟ್ಯಾಕ್ಸ್ ಇಲ್ದೆ ಇದಕ್ಕೆ ಬಳಸೋ ಹಾಗಿಲ್ಲ, ರೀಕನ್‌ಸ್ಟ್ರಕ್ಷನ್‌ಗೆ ಬಳಸ್ಬೋದು. ಕೊಟೇಷನ್‌ನಲ್ಲಿ ಸರ್ಜನ್ ಫೀಸ್, ಅನಸ್ತೀಶಿಯಾ, ಫೆಸಿಲಿಟಿ, ಇಂಪ್ಲಾಂಟ್ ಎಲ್ಲ ಬಿಡಿಬಿಡಿಯಾಗಿ ಕೇಳಿ. ಕನಿಷ್ಠ ವಯಸ್ಸು ಸಲೈನ್ ಇಂಪ್ಲಾಂಟ್‌ಗೆ 18, ಸಿಲಿಕೋನ್‌ಗೆ 22. ಇಲ್ಲಿ ಲೈಸೆನ್ಸ್ ಇರೋ ಯಾವ ಡಾಕ್ಟ್ರು ಬೇಕಾದ್ರೂ ಕಾಸ್ಮೆಟಿಕ್ ಸರ್ಜನ್ ಅಂತ ಬೋರ್ಡ್ ಹಾಕೋಬೋದು, ನೀವು ನೋಡ್ಬೇಕಾದ್ದು ಅಮೆರಿಕನ್ ಬೋರ್ಡ್ ಆಫ್ ಪ್ಲಾಸ್ಟಿಕ್ ಸರ್ಜರಿ ಸರ್ಟಿಫಿಕೇಟ್. ಕ್ಲಿನಿಕ್‌ನಲ್ಲಿ ಸೈಜರ್, ಅಂದ್ರೆ ಬ್ರಾ ಒಳಗೆ ಇಟ್ಟು ನೋಡೋ ಮಾದರಿ ಕೊಡ್ತಾರೆ, ಪ್ಯಾಡ್ ಇಲ್ಲದ ಬ್ರಾ ಜೊತೆಗೆ ನೀವು ದಿನಾ ಹಾಕೋ ಟೀಶರ್ಟ್, ಕುರ್ತಾ ತಗೊಂಡೋಗಿ ಹಾಕ್ಕೊಂಡು ನೋಡಿ, ತ್ರೀಡಿ ಫೋಟೋ ತೋರ್ಸಿದ್ರೆ ಅದು ಅಂದಾಜು ಅಷ್ಟೇ ಅಂತ ಇಟ್ಕೊಳಿ.

ಆಪರೇಷನ್ ಆದ್ಮೇಲೆ ಊತ ಇಳಿದು, ಮೇಲೆ ಕೂತಿರೋ ಇಂಪ್ಲಾಂಟ್ ಕೆಳಗಿಳಿದು ಸೆಟ್ ಆಗೋಕೆ ತಿಂಗಳುಗಳೇ ಹಿಡಿಯುತ್ತೆ, ಮೊದಲ ವಾರಗಳಲ್ಲಿ ಅಯ್ಯೋ ದೊಡ್ಡದಾಯ್ತು ಅಂತ ಅಳ್ಬೇಡಿ, ಊರಿಗೆ ಅಳತೆ ಕಳ್ಸಿ ಬ್ಲೌಸ್ ಹೊಲಿಸೋದೂ ಅಲ್ಲಿವರೆಗೂ ಬೇಡ. ಕೊಡೋ ಡಿವೈಸ್ ಕಾರ್ಡ್‌ನಲ್ಲಿ ಕಂಪ್ನಿ, ಸೀರಿಯಲ್ ನಂಬರ್ ಎಲ್ಲ ಇರುತ್ತೆ, ಫೋಟೋ ತೆಗೆದಿಟ್ಕೊಳಿ, ಇಂಡಿಯಾಗೆ ವಾಪಸ್ ಹೋದ್ರೂ ಅಲ್ಲಿನ ಡಾಕ್ಟ್ರಿಗೆ ಅದೇ ಬೇಕಾಗೋದು. ಸಿಲಿಕೋನ್ ಆದ್ರೆ ಒಳಗೆ ಸದ್ದಿಲ್ದೆ ಒಡೆದಿದ್ಯಾ ಅಂತ ನೋಡೋಕೆ 5ರಿಂದ 6 ವರ್ಷಕ್ಕೆ ಮೊದಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ 2ರಿಂದ 3 ವರ್ಷಕ್ಕೊಂದು ಸಲ ಅಂತ ಎಫ್‌ಡಿಎ ಹೇಳುತ್ತೆ, ಕಾಸ್ಮೆಟಿಕ್ ಆಗಿದ್ರೆ ಆ ಸ್ಕ್ಯಾನ್ ಖರ್ಚು ನಿಮ್ಮ ಕೈಯಿಂದಾನೇ ಹೋಗ್ಬೋದು, ಅದನ್ನೂ ಮೊದಲ್ನೇ ದಿನದ ಬಜೆಟ್‌ನಲ್ಲೇ ಸೇರ್ಸ್ಕೊಳಿ.