ಬೇಸಿಗೆಯಲ್ಲಿ ಸ್ಟ್ರೈಪರ್ ಹಿಡಿಯುವುದು ಹೇಗೆ? ಮೊದಲು ಆಮ್ಲಜನಕ ಹುಡುಕಿ

ಏಪ್ರಿಲ್ ಬಿಸಿಲಲ್ಲಿ ತೋಟದ ಬಾವಿಗೆ ಹಾರಿದವರಿಗೆ ಇದು ಗೊತ್ತು. ಎದೆಯವರೆಗೆ ನೀರು ಬೆಚ್ಚಗಿರುತ್ತದೆ, ಕಾಲಿನ ಹತ್ತಿರ ಮೈ ಜುಮ್ಮೆನ್ನುವಷ್ಟು ತಣ್ಣಗೆ. ಒಂದೇ ಬಾವಿ, ಎರಡು ನೀರು. ಅಮೆರಿಕದ ಜಾರ್ಜಿಯಾದ ಲೇಕ್ ಲೇನಿಯರ್‌ನಲ್ಲೂ ಜುಲೈ, ಆಗಸ್ಟ್‌ನಲ್ಲಿ ಆಗುವುದು ಇದೇ. ವ್ಯತ್ಯಾಸ ಅಂದರೆ, ಅಣೆಕಟ್ಟಿನ ಬಳಿ ಅದರ ಆಳ 150 ಅಡಿಗೂ ಜಾಸ್ತಿ.

ಅಟ್ಲಾಂಟಾದ ಉತ್ತರಕ್ಕೆ, ಕಮಿಂಗ್ ಕಡೆ ಮನೆ ಮಾಡಿರುವ ಕನ್ನಡಿಗರಿಗೆ ಈ ಜಲಾಶಯ ಹಿತ್ತಲಿದ್ದಂತೆ. ಬೇಸಿಗೆಯ ಶನಿವಾರ ಸ್ಟ್ರೈಪ್ಡ್ ಬಾಸ್ ಎಂಬ ಮೀನು, ಅಂದರೆ ಎಲ್ಲರೂ ಕರೆಯುವ ಸ್ಟ್ರೈಪರ್ ಹುಡುಕಿಕೊಂಡು ಹೋಗಿ ಬರಿಗೈಲಿ ಬರುವವರನ್ನು ನಾನು ತುಂಬಾ ನೋಡಿದ್ದೇನೆ. ಮೀನು ಎಲ್ಲೂ ಹೋಗಿರುವುದಿಲ್ಲ. ಅದು ಉಸಿರಾಡುವ ಜಾಗಕ್ಕೆ ಗಾಳ ಮುಟ್ಟಿರುವುದಿಲ್ಲ, ಅಷ್ಟೇ.

ಮೊದಲು ನೀರಿನ ಪದರ ಅರ್ಥ ಮಾಡಿಕೊಳ್ಳಿ

ಸ್ಟ್ರೈಪರ್ ಮೂಲತಃ ಅಟ್ಲಾಂಟಿಕ್ ಕರಾವಳಿಯ ಮೀನು. ಮೊಟ್ಟೆ ಇಡಲು ನದಿಗೆ ಬರುತ್ತದೆ. 1940ರ ದಶಕದ ಆರಂಭದಲ್ಲಿ ದಕ್ಷಿಣ ಕೆರೊಲಿನಾದ ಸ್ಯಾಂಟೀ ಕೂಪರ್ ಅಣೆಕಟ್ಟುಗಳು ತುಂಬಿದಾಗ ಕೆಲವು ಮೀನುಗಳು ಒಳಗೇ ಉಳಿದವು, ಸಿಹಿನೀರಿನಲ್ಲೇ ಮರಿ ಮಾಡಿದವು. ಅದನ್ನು ನೋಡಿದ ಮೇಲೆ ಬೇರೆ ಬೇರೆ ರಾಜ್ಯಗಳು ತಮ್ಮ ಜಲಾಶಯಗಳಿಗೂ ಮರಿ ಬಿಡತೊಡಗಿದವು. ಲೇನಿಯರ್‌ನಲ್ಲಿ ಇರುವುದೂ ಹಾಗೆ ಬಿಟ್ಟ ಮೀನೇ.

ಬೇಸಿಗೆಯ ಬಿಸಿಲಿಗೆ ಮೇಲಿನ ನೀರು ಕಾದು ಹಗುರವಾಗುತ್ತದೆ. ತಣ್ಣನೆಯ ನೀರು ಭಾರ, ಕೆಳಗೇ ಕೂರುತ್ತದೆ. ಗಾಳಿ ಎಷ್ಟು ಬೀಸಿದರೂ ಇವೆರಡೂ ಬೆರೆಯುವುದಿಲ್ಲ. ನಡುವೆ ಕೆಲವೇ ಅಡಿಯಲ್ಲಿ ತಾಪ ಸರ್ರನೆ ಇಳಿಯುವ ಪದರಕ್ಕೆ ಥರ್ಮೋಕ್ಲೈನ್ ಎನ್ನುತ್ತಾರೆ. ಅದರ ಕೆಳಗಿನ ನೀರಿಗೆ ಗಾಳಿಯ ಸಂಪರ್ಕ ಇಲ್ಲ. ಬೆಳಕು ಇಲ್ಲದ್ದರಿಂದ ಪಾಚಿ ಆಮ್ಲಜನಕ ತಯಾರಿಸುವುದೂ ಇಲ್ಲ. ಮೇಲಿಂದ ಬೀಳುವ ಸತ್ತ ಪಾಚಿ, ಎಲೆಗಳನ್ನು ಕೊಳೆಸುವ ಬ್ಯಾಕ್ಟೀರಿಯಾ ಮಾತ್ರ ಆಮ್ಲಜನಕ ತಿನ್ನುತ್ತಲೇ ಇರುತ್ತವೆ. ಚಳಿಗಾಲದಲ್ಲಿ ತುಂಬಿಟ್ಟುಕೊಂಡಿದ್ದೇ ಆ ಆಳದ ಇಡೀ ಬೇಸಿಗೆಯ ದಿನಸಿ. ಖರ್ಚು ಇದೆ, ಹೊಸದಾಗಿ ಬರುವುದು ಏನೂ ಇಲ್ಲ.

ಮೊದಲೇ ನೀರಿನಲ್ಲಿ ಆಮ್ಲಜನಕ ಕಡಿಮೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಇದ್ದರೆ, ಬೇಸಿಗೆಯ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ 8 ಮಿಲಿಗ್ರಾಂ. ಬೆಳೆದ ಸ್ಟ್ರೈಪರ್‌ಗೆ ಹಿಡಿಸುವುದು 18ರಿಂದ 25 ಡಿಗ್ರಿ ಸೆಲ್ಸಿಯಸ್ ನೀರು. ಆಮ್ಲಜನಕ 2–3 ಮಿಲಿಗ್ರಾಂಗಿಂತ ಕೆಳಗೆ ಬಂದರೆ ಅದು ಆ ಜಾಗ ಬಿಡುತ್ತದೆ. ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ಚಾರ್ಲ್ಸ್ ಕೌಟಂಟ್ 1985ರಲ್ಲಿ ಇದನ್ನೇ ಬಿಡಿಸಿ ಬರೆದರು. ಮೇಲಿನಿಂದ ಬಿಸಿ ಒತ್ತುತ್ತದೆ, ಕೆಳಗಿನಿಂದ ಆಮ್ಲಜನಕದ ಕೊರತೆ ಒತ್ತುತ್ತದೆ, ಮೀನು ನಡುವೆ ಸಿಕ್ಕಿಕೊಳ್ಳುತ್ತದೆ. ಮೊದಲು ಕಷ್ಟಕ್ಕೆ ಬೀಳುವುದು ದೊಡ್ಡ ಮೀನು, ಏಕೆಂದರೆ ಮರಿಗಳಿಗಿಂತ ಅದಕ್ಕೆ ತಂಪು ಜಾಸ್ತಿ ಬೇಕು.

ಹೊರಡುವ ಮೊದಲು ಅಳತೆ ನೋಡಿ

ರಾಜ್ಯದ ಮೀನು ತಜ್ಞರು ಬೇಸಿಗೆಯಲ್ಲಿ ಮೀಟರ್ ಇಳಿಸಿ ಆಳ, ತಾಪ, ಆಮ್ಲಜನಕ ಮೂರನ್ನೂ ಬರೆದಿಡುತ್ತಾರೆ. ಆ ಪಟ್ಟಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಓದುವುದು ಹೀಗೆ. 20 ಅಡಿಯಲ್ಲಿ 29 ಡಿಗ್ರಿ, ಆಮ್ಲಜನಕ ಲೀಟರಿಗೆ 7 ಮಿಲಿಗ್ರಾಂ ಇದೆ ಎಂದುಕೊಳ್ಳಿ. ಉಸಿರಿದೆ, ಆದರೆ ಬಿಸಿ. 40 ಅಡಿಯಲ್ಲಿ 20 ಡಿಗ್ರಿ, ಆಮ್ಲಜನಕ 1. ತಂಪಿದೆ, ಉಸಿರಿಲ್ಲ. 70 ಅಡಿಯಲ್ಲಿ 12 ಡಿಗ್ರಿ, ಆಮ್ಲಜನಕ 4. ಸ್ವಲ್ಪ ಚಳಿ ಜಾಸ್ತಿಯಾದರೂ ಮೀನು ಬದುಕಬಹುದು. 100 ಅಡಿಯಲ್ಲಿ ಮತ್ತೆ 1. ಹೀಗಿದ್ದರೆ ಮೀನು ಇರುವುದು 70 ಅಡಿಯ ಆಸುಪಾಸಿನಲ್ಲಿ.

ಕೆಳಗೆ ಹೋದಂತೆ ಆಮ್ಲಜನಕ ಒಂದೇ ಸಮನೆ ಕಡಿಮೆಯಾಗುತ್ತದೆ ಎಂದುಕೊಂಡವರು ತಪ್ಪುವುದು ಇಲ್ಲೇ. ಕೊಳೆಯುವ ಕಸ ಎಷ್ಟೋ ಸಲ ಥರ್ಮೋಕ್ಲೈನ್ ಹತ್ತಿರವೇ ತಡೆದು ನಿಲ್ಲುತ್ತದೆ. ಅಲ್ಲಿ ನೀರು ತಳಕ್ಕಿಂತ ಬೆಚ್ಚಗಿರುವುದರಿಂದ ಬೇಗ ಕೊಳೆಯುತ್ತದೆ. ಹಾಗಾಗಿ ಮೊದಲು ಉಸಿರು ಕಳೆದುಕೊಳ್ಳುವುದು ನಡುವಿನ ಪದರ.

ಇದು ಮೀನಿಗೆ ಎಂಥ ಬಲೆಯಾಗಬಹುದು ಎಂಬುದು ಉತ್ತರ ಕೆರೊಲಿನಾದ ಲೇಕ್ ನಾರ್ಮನ್‌ನಲ್ಲಿ ಕಂಡಿತು. ಅಲ್ಲಿಗೆ ಏಲ್‌ವೈಫ್ ಎಂಬ ಸಣ್ಣ ಮೀನು ಸೇರಿಕೊಂಡಿತು. ಅದಕ್ಕೆ ತಣ್ಣನೆಯ ಆಳವೇ ಇಷ್ಟ. ಅದನ್ನು ತಿನ್ನಲು ಸ್ಟ್ರೈಪರ್‌ಗಳೂ ಕೆಳಗೆ ಹೋದವು. ಅಷ್ಟರಲ್ಲಿ ಮೇಲಿನ ನಡುಪದರದ ಆಮ್ಲಜನಕ ಖಾಲಿಯಾಯಿತು, ಬಾಗಿಲು ಮುಚ್ಚಿದಂತಾಯಿತು. ಕೆಳಗಿದ್ದ ಉಸಿರೂ ದಿನದಿನಕ್ಕೆ ತೀರಿತು. 2004ರಲ್ಲಿ, ಮತ್ತೆ 2010ರಲ್ಲಿ ಸಾವಿರಗಟ್ಟಲೆ ಸ್ಟ್ರೈಪರ್‌ಗಳು ಸತ್ತು ತೇಲಿದವು. ಕೊನೆಗೆ ಅಲ್ಲಿ ಸ್ಟ್ರೈಪರ್ ಮರಿ ಬಿಡುವುದನ್ನೇ ನಿಲ್ಲಿಸಿ, ಬಿಸಿ ತಡೆಯುವ ಮಿಶ್ರತಳಿಯನ್ನು ಬಿಡತೊಡಗಿದರು.

ಜಾರ್ಜಿಯಾ–ದಕ್ಷಿಣ ಕೆರೊಲಿನಾ ಗಡಿಯ ಥರ್ಮಂಡ್ ಜಲಾಶಯದಲ್ಲಿ ಬೇರೆ ದಾರಿ ಹಿಡಿದರು. 2011ರಿಂದ ಅಮೆರಿಕ ಸೇನೆಯ ಎಂಜಿನಿಯರಿಂಗ್ ವಿಭಾಗವಾದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ಅಲ್ಲಿ ತಳಕ್ಕೆ ಕೊಳವೆ ಹಾಕಿ ಆಮ್ಲಜನಕ ಬಿಡುತ್ತಿದೆ. ನೀವು ಆ ಕಡೆಯವರಾದರೆ ಆಗಸ್ಟ್‌ನಲ್ಲಿ ಎಲ್ಲಿ ಹುಡುಕಬೇಕೆಂದು ಬೇರೆ ಹೇಳಬೇಕಿಲ್ಲ, ಅಲ್ವಾ?

ಪರದೆಯ ಮೇಲಿನ ಮಸುಕು ಗೆರೆ

ಪಟ್ಟಿ ಸಿಗದಿದ್ದರೆ ಫಿಶ್ ಫೈಂಡರ್ ಇದೆ, ಅಂದರೆ ಶಬ್ದದ ಅಲೆ ಕಳಿಸಿ ನೀರಿನೊಳಗಿನದನ್ನು ಪರದೆಯಲ್ಲಿ ತೋರಿಸುವ ದೋಣಿಯ ಯಂತ್ರ. ಅದರ ಸೆನ್ಸಿಟಿವಿಟಿ ಹೆಚ್ಚಿಸಿ. ಪರದೆಗೆ ಅಡ್ಡಲಾಗಿ ಮಸುಕು ಪಟ್ಟಿಯೊಂದು ಕಾಣುತ್ತದೆ. ಅದು ಥರ್ಮೋಕ್ಲೈನ್. ನೆನಪಿಡಿ, ಯಂತ್ರ ಆಮ್ಲಜನಕ ಅಳೆಯುವುದಿಲ್ಲ. ಮೀನು ಪರದೆಯಲ್ಲಿ ಕಮಾನಿನಂತೆ ಕಾಣುತ್ತದೆ. ಆ ಕಮಾನುಗಳು ಪಟ್ಟಿಯ ಮೇಲಿವೆಯೋ ಕೆಳಗಿವೆಯೋ ನೋಡಿ. ಐದಾರು ಕಡೆ ಒಂದೇ ಆಳದಲ್ಲಿ ಸಾಲಾಗಿ ಕಂಡರೆ ಉಸಿರಿರುವ ಪದರ ಅದೇ. ಕಮಾನೇ ಇಲ್ಲದ ಆಳದಲ್ಲಿ ಸುಮ್ನೆ ಕಾಯಬೇಡಿ. ಇನ್ನೊಂದು ಸುಳಿವೂ ಇದೆ. ಎರೆಯಾಗಿ ಗಾಳಕ್ಕೆ ಚುಚ್ಚಿದ ಹೆರಿಂಗ್ ಎಂಬ ಜೀವಂತ ಸಣ್ಣ ಮೀನು ಕೆಲವೇ ನಿಮಿಷದಲ್ಲಿ ಸತ್ತು ಮೇಲೆ ಬರುತ್ತಿದ್ದರೆ ಆ ಆಳದಲ್ಲಿ ಉಸಿರಿಲ್ಲ ಎಂದು ಅನುಮಾನಿಸಿ.

ಗಾಳ ಇಳಿಸುವುದು

ಜುಲೈ ನಂತರ ಲೇನಿಯರ್‌ನಲ್ಲಿ ಅಣೆಕಟ್ಟಿನ ಕಡೆಯ ಆಳದ ನೀರಿಗೆ ಹೋಗಿ. ಎರಡು ಔನ್ಸ್ ಸೀಸದ ಗುಂಡು, ಕೆಳಗೆ ನಾಲ್ಕೈದು ಅಡಿ ತೆಳು ದಾರ, ತುದಿ ಒಳಕ್ಕೆ ಬಾಗಿದ ಸರ್ಕಲ್ ಹುಕ್, ಹೆರಿಂಗ್. ರೀಲ್‌ನಿಂದ ಒಂದೊಂದು ಅಡಿ ಎಳೆದು ಎಣಿಸುತ್ತಾ ನೇರ ಕೆಳಗೆ ಬಿಡಿ. ಕಮಾನುಗಳಿಗಿಂತ ಮೂರ್ನಾಲ್ಕು ಅಡಿ ಮೇಲೆ ನಿಲ್ಲಿಸಿ. ಮೇಲಿರುವುದನ್ನು ಸ್ಟ್ರೈಪರ್ ಬಂದು ಹಿಡಿಯುತ್ತದೆ. ಅದಕ್ಕಿಂತ ಕೆಳಗೆ ಹೋದ ಎರೆ ಅದರ ಕಣ್ಣಿಗೇ ಬೀಳದಿರಬಹುದು.

ಹಿಡಿದ ಮೇಲೆ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಎಪ್ಪತ್ತು ಅಡಿಯಿಂದ ಮೇಲೆ ಬರುವ ಮೀನಿನ ಮೇಲಿನ ಒತ್ತಡ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಗಾಳಿಚೀಲ ಉಬ್ಬುತ್ತದೆ. ಜಗ್ಗಾಡಿ ದಣಿದಿರುತ್ತದೆ. ಆಮೇಲೆ ಅದನ್ನು 30 ಡಿಗ್ರಿ ಬಿಸಿ ನೀರಿಗೆ ಬಿಟ್ಟರೆ ಚೇತರಿಸಿಕೊಳ್ಳಲು ಎಲ್ಲಿ ಜಾಗ? ನಾನೂ ಒಂದು ಬೇಸಿಗೆಯಲ್ಲಿ ಒಳ್ಳೆಯ ಕೆಲಸ ಎಂದುಕೊಂಡು ದೊಡ್ಡದೊಂದನ್ನು ನೀರಿಗೆ ಬಿಟ್ಟೆ. ಅದು ಬಾಲ ಬೀಸಿ ಕೆಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ದೋಣಿಯಿಂದ ದೂರದಲ್ಲಿ ಹೊಟ್ಟೆ ಮೇಲಾಗಿ ತೇಲಿತು. ಆ ನೋಟ ಇನ್ನೂ ಕಣ್ಣಲ್ಲಿದೆ.

ಅದಕ್ಕೇ ಹಿಡಿದು ಬಿಡುವ ಆಟ ಬೇಸಿಗೆಗೆ ಬೇಡ. ಲೈಸೆನ್ಸ್ ಇಟ್ಟುಕೊಳ್ಳಿ, ರಾಜ್ಯದ ಮಿತಿ ಓದಿಕೊಳ್ಳಿ. ತಿನ್ನಲು ಬೇಕಾದಷ್ಟು ಹಿಡಿಯಿರಿ, ತಕ್ಷಣ ಐಸ್‌ಗೆ ಹಾಕಿ, ಗಾಳ ಸುತ್ತಿ. ಇನ್ನೂ ಆಸೆ ಇದ್ದರೆ ಮೇಲಿನ ನೀರಿನ ಸ್ಪಾಟೆಡ್ ಬಾಸ್ ಹಿಡಿಯಬಹುದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಂತೂ ಆಳದ ದಿನಸಿ ತಳ ಕಂಡಿರುತ್ತದೆ. ಆಗ ಸ್ಟ್ರೈಪರ್ ಗುಂಪು ಒಂದೇ ಕಡೆ ಒತ್ತೊತ್ತಾಗಿ ಸಿಕ್ಕರೂ ಕೈ ತಡೆಯಿರಿ ಎಂದೇ ನನ್ನ ಮನವಿ.

ನವೆಂಬರ್ ಹೊತ್ತಿಗೆ ಮೇಲಿನ ನೀರು ತಣ್ಣಗಾಗಿ ಕೆಳಗಿಳಿಯತೊಡಗುತ್ತದೆ. ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬೆರೆತು ಆಳಕ್ಕೆ ಮತ್ತೆ ಆಮ್ಲಜನಕ ಇಳಿಯುತ್ತದೆ. ಕೆಲವು ದಿನ ನೀರಿಗೆ ಕೊಳೆತ ಮೊಟ್ಟೆಯ ವಾಸನೆ ಇರಬಹುದು, ಹೆದರಬೇಡಿ. ಪದರ ಪೂರ್ತಿ ಕರಗಿದ ಮೇಲೆ ಸ್ಟ್ರೈಪರ್‌ಗಳು ಇಪ್ಪತ್ತು ಅಡಿಗೂ ಬರುತ್ತವೆ, ಕೆಲವೊಮ್ಮೆ ಮೇಲ್ಮೈಗೇ. ಆಗ ಪರದೆ ನೋಡುವುದು ಬಿಟ್ಟು ಆಕಾಶ ನೋಡಿ. ಕಡಲಹಕ್ಕಿಗಳು ಕಿರುಚುತ್ತಾ ನೀರಿಗೆ ಎರಗುವ ಕಡೆಗೆ ದೋಣಿ ತಿರುಗಿಸಿ.