ಮನೆಯ ಕಂಪ್ಯೂಟರಿಗೆ ಹೊಕ್ಕ ವೈರಸ್ ತೆಗೆಯುವುದು ಹೇಗೆ?

ಕಂಪ್ಯೂಟರ್ ನಿಧಾನವಾದ ಮಾತ್ರಕ್ಕೆ ಅದಕ್ಕೆ ವೈರಸ್ ತಗುಲಿದೆ ಎನ್ನಲಾಗದು. ಡಿಸ್ಕ್ ತುಂಬಿದ್ದರೂ ಹಾಗಾಗುತ್ತದೆ. ಆದರೆ ಬ್ರೌಸರಿನ ಮುಖಪುಟ ತಾನಾಗಿ ಬದಲಾಗಿದ್ದರೆ, ಆಂಟಿವೈರಸ್ ನಿಂತುಹೋಗಿ ಮತ್ತೆ ಚಾಲೂ ಆಗದಿದ್ದರೆ, ನೀವು ಬರೆಯದ ಇಮೇಲ್‌ಗಳು ನಿಮ್ಮ ಹೆಸರಿನಲ್ಲಿ ಹೋಗುತ್ತಿದ್ದರೆ ಅನುಮಾನಿಸಲೇಬೇಕು. ಪರದೆ ತುಂಬ ಎಚ್ಚರಿಕೆ ತೋರಿಸಿ ಫೋನ್ ನಂಬರಿಗೆ ಕರೆ ಮಾಡಲು ಹೇಳುವ ಸಂದೇಶವನ್ನಂತೂ ನಂಬಬೇಡಿ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ.

ಇಲ್ಲಿ ವಿವರಿಸಿರುವುದು ವಿಂಡೋಸ್ 10 ಮತ್ತು 11ಕ್ಕೆ ಹೊಂದುವ ಕ್ರಮ. ಮೊದಲು ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ತೆಗೆಯಿರಿ. ಇದರಿಂದ ಮಾಹಿತಿ ಹೊರಗೆ ಸೋರುವುದೂ ಮನೆಯ ಇತರ ಯಂತ್ರಗಳಿಗೆ ಸೋಂಕು ಹರಡುವುದೂ ನಿಲ್ಲುತ್ತದೆ. ಕೀಲಿಮಣೆಯ ಪ್ರತಿ ಒತ್ತನ್ನೂ ದಾಖಲಿಸುವ ಕುತಂತ್ರಾಂಶಗಳಿರುವುದರಿಂದ, ಶುದ್ಧಿ ಮುಗಿಯುವವರೆಗೆ ಈ ಯಂತ್ರದಲ್ಲಿ ಯಾವ ಪಾಸ್‌ವರ್ಡನ್ನೂ ಟೈಪ್ ಮಾಡಬೇಡಿ. ಫೋಟೊ ಮತ್ತು ದಾಖಲೆಗಳನ್ನು ಖಾಲಿ ಡ್ರೈವೊಂದಕ್ಕೆ ನಕಲಿಸಿಕೊಳ್ಳಿ. ಪ್ರೋಗ್ರಾಂ ಫೈಲ್‌ಗಳನ್ನು ಬಿಟ್ಟುಬಿಡಿ. ಹಳೆಯ ಬ್ಯಾಕಪ್ ಇರುವ ಡ್ರೈವನ್ನು ಮಾತ್ರ ಈಗ ಜೋಡಿಸಲೇಬಾರದು, ಏಕೆಂದರೆ ಅದಕ್ಕೂ ಸೋಂಕು ತಗುಲಿದರೆ ನಿಮಗೆ ಉಳಿಯುವುದು ಏನೂ ಇಲ್ಲ.

ಮುಂದಿನ ಹಂತವೇ ಅತಿ ಮುಖ್ಯವಾದದ್ದು. ಚಾಲನೆಯಲ್ಲಿರುವ ವಿಂಡೋಸಿನ ಒಳಗೆ ಕುಳಿತ ವೈರಸ್ ಆಂಟಿವೈರಸ್‌ನ ಕಣ್ಣಿಗೆ ಬೀಳದಂತೆ ತನ್ನನ್ನು ಮರೆಮಾಡಿಕೊಳ್ಳಬಲ್ಲದು. ಆದ್ದರಿಂದ ವಿಂಡೋಸ್ ಪೂರ್ತಿ ಚಾಲೂ ಆಗುವ ಮೊದಲೇ ಹುಡುಕಬೇಕು. ವೈರಸ್ ಪಟ್ಟಿ ಹೊಸದಾಗಲೆಂದು ಕೆಲವೇ ನಿಮಿಷ ಇಂಟರ್ನೆಟ್ ಜೋಡಿಸಿ, ವಿಂಡೋಸ್ ಸೆಕ್ಯುರಿಟಿಯಲ್ಲಿ ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’ ತೆರೆದು, ‘ಸ್ಕ್ಯಾನ್ ಆಪ್ಷನ್ಸ್’ ಒಳಗೆ ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಯಂತ್ರ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ಹುಡುಕಾಟ ನಡೆಸುತ್ತದೆ. ಸಿಕ್ಕಿದ್ದೇನೆಂಬುದು ‘ಪ್ರೊಟೆಕ್ಷನ್ ಹಿಸ್ಟರಿ’ಯಲ್ಲಿ ಕಾಣುತ್ತದೆ. ಬಳಿಕ ಫುಲ್ ಸ್ಕ್ಯಾನ್ ಮಾಡಿ. ಅದಕ್ಕೆ ಗಂಟೆಗಳೇ ಹಿಡಿದರೂ ನಡುವೆ ನಿಲ್ಲಿಸಬಾರದು.

ಆಮೇಲೆ ಬ್ರೌಸರಿನಲ್ಲಿ ನೀವು ಹಾಕಿಕೊಳ್ಳದ ಎಕ್ಸ್‌ಟೆನ್ಷನ್‌ಗಳನ್ನು (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶಗಳು) ತೆಗೆದುಹಾಕಿ, ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ, ಅಂದರೆ ವಿಂಡೋಸ್ ಜೊತೆಗೇ ತಾವಾಗಿ ಚಾಲೂ ಆಗುವ ಪ್ರೋಗ್ರಾಂಗಳ ಪಟ್ಟಿಯಲ್ಲಿ, ಅಪರಿಚಿತವಾದದ್ದೇನಾದರೂ ಇದೆಯೇ ಎಂದು ಪರಿಶೀಲಿಸಿ.

ಪಾಸ್‌ವರ್ಡ್‌ಗಳನ್ನು ಸೋಂಕಿಲ್ಲದ ಬೇರೆ ಸಾಧನದಿಂದಲೇ ಬದಲಿಸಬೇಕು. ಇಮೇಲ್ ಮೊದಲು, ಬ್ಯಾಂಕ್ ಆಮೇಲೆ. ಇಮೇಲ್ ಕೈತಪ್ಪಿದರೆ ಅದರ ಮೂಲಕ ಉಳಿದ ಖಾತೆಗಳ ಪಾಸ್‌ವರ್ಡನ್ನೂ ಬದಲಿಸಿಬಿಡಬಹುದು.

ಇಷ್ಟಾದ ಮೇಲೂ ವೈರಸ್ ಮರಳಿದರೆ ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತ ಕೂರುವುದು ವ್ಯರ್ಥ. ಸೋಂಕಿಲ್ಲದ ಯಂತ್ರವೊಂದರಲ್ಲಿ ಕನಿಷ್ಠ 8 ಜಿಬಿಯ ಪೆನ್‌ಡ್ರೈವಿಗೆ ವಿಂಡೋಸ್ ಇಳಿಸಿಕೊಂಡು, ಡಿಸ್ಕನ್ನು ಅಳಿಸಿ ಹೊಸದಾಗಿ ಸ್ಥಾಪಿಸುವುದೇ ಸರಿ. ಬ್ಯಾಂಕ್ ವ್ಯವಹಾರ ನಡೆಯುವ ಯಂತ್ರವಾದರೆ ಮೊದಲ ಅನುಮಾನಕ್ಕೇ ಹೀಗೆ ಮಾಡುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಆಗಿದ್ದರೆ ಮಾತ್ರ ಅಳಿಸಲು ಅವಸರಪಡಬೇಡಿ. ಐರೋಪ್ಯ ಒಕ್ಕೂಟದ ಪೊಲೀಸ್ ಸಂಸ್ಥೆ ಯೂರೋಪೋಲ್ ಮತ್ತಿತರ ಸಂಸ್ಥೆಗಳು 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಅನೇಕ ಬಗೆಯ ಬೀಗ ತೆಗೆಯುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಇಂದು ಸಿಗದ ಕೀಲಿ ಮುಂದೆಂದಾದರೂ ಸಿಗಬಹುದಾದ್ದರಿಂದ, ಬೀಗ ಬಿದ್ದ ಕಡತಗಳ ಒಂದು ನಕಲನ್ನು ಬೇರೆ ಡ್ರೈವಿನಲ್ಲಿ ತೆಗೆದಿಡಿ.